ಶ್ವಾನಗಳ ಲಿಂಫೋಮಾ ಚಿಕಿತ್ಸೆ: ಔಷಧಕ್ಕಿಂತ ವ್ಯವಸ್ಥೆ ಮುಖ್ಯ

ಜಯನಗರ, ಜೆ.ಪಿ. ನಗರ, ಬನಶಂಕರಿ ಹಾಗೂ ಬಿ.ಟಿ.ಎಂ. ಬಡಾವಣೆಗಳಲ್ಲಿ ಸಾಕುನಾಯಿಗಳ ಆಹಾರ, ಆರೈಕೆ ಮತ್ತು ಚಿಕಿತ್ಸೆ ಒಂದು ಪ್ರತ್ಯೇಕ ಉದ್ಯಮವಾಗಿಯೇ ಬೆಳೆದಿವೆ. ಲಸಿಕೆ ಮತ್ತು ಸಣ್ಣಪುಟ್ಟ ಶಸ್ತ್ರಚಿಕಿತ್ಸೆಯ ಜೊತೆಗೆ ಕ್ಯಾನ್ಸರ್ ಚಿಕಿತ್ಸೆಯನ್ನೂ ಗ್ರಾಹಕರು ಕೇಳುವ ಕಾಲವಿದು. ಈ ಕ್ಷೇತ್ರದಲ್ಲಿ ಬಂಡವಾಳ ಹೂಡುವವರು ಹೊಸ ಔಷಧಗಳಿಗಿಂತ ಮೊದಲು ಸುರಕ್ಷಿತ ವ್ಯವಸ್ಥೆಯತ್ತ ಗಮನ ಹರಿಸುವುದು ಉಚಿತ.

ಲಿಂಫೋಮಾ ಎಂಬುದು ದುಗ್ಧರಸ ಗ್ರಂಥಿಗಳನ್ನು ಆವರಿಸುವ ಕ್ಯಾನ್ಸರ್. ಚಿಕಿತ್ಸೆ ದೊರೆಯದಿದ್ದರೆ ಹೆಚ್ಚಿನ ನಾಯಿಗಳು ಒಂದೆರಡು ತಿಂಗಳಲ್ಲಿ ಅಸುನೀಗುತ್ತವೆ. ಸೈಕ್ಲೋಫಾಸ್ಫಮೈಡ್, ಡಾಕ್ಸೋರುಬಿಸಿನ್, ವಿನ್‌ಕ್ರಿಸ್ಟಿನ್ ಮತ್ತು ಪ್ರೆಡ್ನಿಸೋಲೋನ್‌ಗಳನ್ನು ಒಳಗೊಂಡ 'ಚಾಪ್' ಕ್ರಮವು 19ರಿಂದ 25 ವಾರಗಳಲ್ಲಿ ಸುಮಾರು 16 ಭೇಟಿಗಳನ್ನು ಬೇಡುತ್ತದೆ. ಬಿ-ಕೋಶದ ಲಿಂಫೋಮಾದಲ್ಲಿ ಶೇ. 80ಕ್ಕೂ ಹೆಚ್ಚು ನಾಯಿಗಳಲ್ಲಿ ರೋಗ ತಗ್ಗಿ, ಸರಾಸರಿ ಒಂದು ವರ್ಷದ ಆಯುಷ್ಯ ದೊರೆಯುತ್ತದೆ. ಟಿ-ಕೋಶದ ಬಗೆಯಲ್ಲಿ ಈ ಅವಧಿ ಸಾಮಾನ್ಯವಾಗಿ ಕಡಿಮೆ. ಪೂರ್ಣ ಗುಣವಾಗುವುದು ವಿರಳ.

ಹೊಸ ಔಷಧಗಳೂ ಬಂದಿವೆ. ರಾಬಕ್ಫೋಸಡೀನ್‌ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರಲ್ಲಿ ಷರತ್ತುಬದ್ಧ ಅನುಮತಿಯನ್ನೂ 2021ರಲ್ಲಿ ಪೂರ್ಣ ಅನುಮತಿಯನ್ನೂ ನೀಡಿತು. ಶ್ವಾನಗಳ ಲಿಂಫೋಮಾಕ್ಕೆ ಅಲ್ಲಿ ಪೂರ್ಣ ಅನುಮತಿ ಪಡೆದ ಮೊದಲ ಔಷಧವಿದು. ಮೂರು ವಾರಕ್ಕೊಮ್ಮೆ, ಗರಿಷ್ಠ ಐದು ಬಾರಿ ರಕ್ತನಾಳದ ಮೂಲಕ ಇದನ್ನು ಕೊಡಲಾಗುತ್ತದೆ. ಮಾತ್ರೆಯ ರೂಪದ ವರ್ಡಿನೆಕ್ಸರ್‌ಗೆ 2021ರಲ್ಲಿ ಷರತ್ತುಬದ್ಧ ಅನುಮತಿ ದೊರೆಯಿತು. ಆದರೆ ಅಮೆರಿಕದ ಅನುಮತಿ ಭಾರತದಲ್ಲಿ ಮಾರಾಟದ ಪರವಾನಗಿಯಾಗದು.

ಹಳೆಯ ನಾಲ್ಕು ಔಷಧಗಳಾದರೋ ಮನುಷ್ಯರ ಚಿಕಿತ್ಸೆಗಾಗಿ ಭಾರತದಲ್ಲಿಯೇ ತಯಾರಾಗುತ್ತವೆ. ವಿನ್‌ಕ್ರಿಸ್ಟಿನ್‌ನ ಮೂಲ ಮನೆಯಂಗಳದ ನಿತ್ಯಪುಷ್ಪ ಗಿಡ. ಬೀದಿನಾಯಿಗಳ ಜನನಾಂಗದ ಸಾಂಕ್ರಾಮಿಕ ಗಡ್ಡೆಗೆ ಇದೇ ಔಷಧ ಬಳಸುವುದರಿಂದ ಪಶುವೈದ್ಯರಿಗೆ ಇದು ಅಪರಿಚಿತವಲ್ಲ.

ನಿಜವಾದ ಸವಾಲು ಔಷಧದ ನಿರ್ವಹಣೆಯಲ್ಲಿದೆ. ಇವು ಜೀವಕೋಶಗಳನ್ನು ನಾಶಪಡಿಸುವ ವಿಷಗಳು. ಬೆರೆಸುವ ಸಹಾಯಕರಿಗೂ, ಚಿಕಿತ್ಸೆಯ ನಂತರದ ಕೆಲವು ದಿನ ನಾಯಿಯ ಮೂತ್ರ ಒರೆಸುವ ಮನೆಯವರಿಗೂ ಕೈಗವಸು ಅಗತ್ಯ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಪಶುಚಿಕಿತ್ಸಾಲಯಗಳಿಗೂ ಅನ್ವಯಿಸುತ್ತವೆ. ಉಳಿದ ಔಷಧವನ್ನು ಪ್ರತ್ಯೇಕ ಗುರುತಿನ ಹಳದಿ ಚೀಲದಲ್ಲಿಟ್ಟು 1200 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಉಷ್ಣಾಂಶದಲ್ಲಿ ಸುಡಿಸಬೇಕು. ಅದು ಸಾಮಾನ್ಯ ಕಸದೊಡನೆ ಸೇರಿದರೆ ಅಪಾಯ ಪೌರಕಾರ್ಮಿಕರದು.

ಪ್ರತಿ ಬಡಾವಣೆಯ ಸಣ್ಣ ಚಿಕಿತ್ಸಾಲಯವೂ ಇಷ್ಟನ್ನು ಒಂಟಿಯಾಗಿ ಒದಗಿಸುವುದು ಲಾಭದಾಯಕವಲ್ಲ. ಪಶುಚಿಕಿತ್ಸಾ ಸೇವೆಗೆ ಜಿ.ಎಸ್.ಟಿ. ವಿನಾಯಿತಿ ಇದೆ, ಇದರಿಂದಾಗಿ ಸುರಕ್ಷತಾ ಉಪಕರಣಗಳ ಮೇಲೆ ತೆತ್ತ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು, ಅದು ನೇರವಾಗಿ ವೆಚ್ಚಕ್ಕೆ ಸೇರುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಗರದ ಇನ್ನೊಂದು ತುದಿಯಲ್ಲಿದೆ; ರೋಗಗ್ರಸ್ತ ನಾಯಿಯನ್ನು 16 ಬಾರಿ ಅಷ್ಟು ದೂರ ಕರೆದೊಯ್ಯುವುದು ಸುಲಭವಲ್ಲ. ಈ ನಿಟ್ಟಿನಲ್ಲಿ ನಾಲ್ಕೂ ಬಡಾವಣೆಗಳ ಪಶುವೈದ್ಯರು ಸೇರಿ ಒಂದು ಹಂಚಿಕೆಯ ಕಿಮೋಥೆರಪಿ ಘಟಕ ಸ್ಥಾಪಿಸುವುದು ವ್ಯಾವಹಾರಿಕವಾಗಿಯೂ ಸೂಕ್ತ.

ಇದಕ್ಕಿಂತ ಮುಖ್ಯವಾದದ್ದು ಗ್ರಾಹಕನ ವಿಶ್ವಾಸ. ಒಟ್ಟು ಭೇಟಿಗಳು, ಪ್ರತಿ ಬಾರಿಯ ರಕ್ತಪರೀಕ್ಷೆ, ಅಂದಾಜು ವೆಚ್ಚ ಮತ್ತು ನಿರೀಕ್ಷಿತ ಅವಧಿಯನ್ನು ಮೊದಲೇ ಲಿಖಿತವಾಗಿ ತಿಳಿಸಬೇಕು. ರೋಗ ಖಚಿತವಾಗುವ ಮುನ್ನವೇ ಸ್ಟೀರಾಯ್ಡ್ ಆರಂಭಿಸಿದರೆ ಮುಂದಿನ ಚಿಕಿತ್ಸೆಯ ಫಲ ಕುಗ್ಗಬಹುದೆಂಬುದನ್ನೂ ಹೇಳಬೇಕು. ನೋವು ತಗ್ಗಿಸುವ ಆರೈಕೆಯನ್ನಷ್ಟೇ ಆಯ್ದುಕೊಳ್ಳುವ ಕುಟುಂಬವನ್ನು ಕೀಳಾಗಿ ಕಾಣಬಾರದು. ಮಾತು ಬಾರದ ಜೀವಿಯ ಪರವಾಗಿ ಹಣ ತೆರುವವನಿಗೆ ವಾಸ್ತವವನ್ನು ಮರೆಮಾಚಿ ಗಳಿಸಿದ ಲಾಭ ಬಹುಕಾಲ ಬಾಳದು. ಉದ್ಯಮಿಗಳೂ ಪಶುವೈದ್ಯರ ಸಂಘಟನೆಗಳೂ ಇತ್ತ ಗಮನ ಹರಿಸಲಿ.