ಬೆಳ್ಳಿಯ ಕಣಕ್ಕೆ ‘ಹಸಿರು’ ವಿಶೇಷಣ

ಇಂದಿನ ವಿಜ್ಞಾನ ಪರಿಭಾಷೆಯಲ್ಲಿ ‘ಹಸಿರು ಸಂಶ್ಲೇಷಣೆ’ ಎಂಬ ಪದಪುಂಜವು ಬಹುವಾಗಿ ರೂಢಿಗೆ ಬಂದಿದೆ. ತಂಗಡಿ, ತುಂಬೆ, ಬೇವು ಮೊದಲಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಬೆದ್ದಲು ಹೊಲದ ಬದುಗಳಲ್ಲಿ ತಾವಾಗಿಯೇ ಬೆಳೆಯುವ ಸಸ್ಯಗಳ ಎಲೆಯ ಕಷಾಯವನ್ನು ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಬೆರೆಸಿದರೆ, ದ್ರಾವಣವು ಕಂದುಬಣ್ಣಕ್ಕೆ ತಿರುಗಿ, 1ರಿಂದ 100 ನ್ಯಾನೊಮೀಟರ್ ಗಾತ್ರದ ಬೆಳ್ಳಿಯ ಕಣಗಳು ಮೈದಳೆಯುತ್ತವೆ. ಕಠಿಣ ರಾಸಾಯನಿಕಗಳ ಹಂಗಿಲ್ಲದುದರಿಂದ ವಿಧಾನಕ್ಕೆ ಆ ಹೆಸರು ಒಪ್ಪುವಂಥದೇ. ಆದರೆ ವಿಶೇಷಣವು ವಿಧಾನವನ್ನು ಬಿಟ್ಟು ವಸ್ತುವಿಗೆ ಅಂಟಿಕೊಂಡು, ‘ಎಲೆಯಿಂದಾದದ್ದು, ಆದುದರಿಂದ ನಿರಪಾಯ’ ಎಂಬ ಅರ್ಥಕ್ಕೆ ಜಾರುತ್ತಿರುವುದನ್ನು ಶಬ್ದಾರ್ಥವಿಚಾರ ಮಾಡುವವನು ಸುಮ್ಮನೆ ನೋಡಲಾಗದು. ಸೊಪ್ಪಿನ ಔಷಧಿಯಲ್ಲಿ ಇಂದಿಗೂ ಶ್ರದ್ಧೆಯಿಟ್ಟಿರುವ ನಮ್ಮ ಗ್ರಾಮಗಳಲ್ಲಿ ಇಂಥ ಮಾತು ಬಲುಬೇಗ ಗಂಟಲಿಗಿಳಿಯುತ್ತದೆ.

ಸಸ್ಯಜವಾದುದೆಲ್ಲ ಸೌಮ್ಯವೆಂಬ ಭ್ರಮೆ ನಮ್ಮ ಪ್ರಾಚೀನರಿಗಿರಲಿಲ್ಲ. 14ನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದನು, ಆ ಶಾಸ್ತ್ರದಲ್ಲಿ ಬೇರು, ಎಲೆ, ಖನಿಜಗಳ ವಿಷಕ್ಕೆ ‘ಸ್ಥಾವರ’ವೆಂದೇ ಪ್ರತ್ಯೇಕ ವರ್ಗವಿದೆ. ಅಮರಕೋಶದಲ್ಲಿ ಬೆಳ್ಳಿಗೆ ‘ದುರ್ವರ್ಣ’ವೆಂಬ ಪರ್ಯಾಯನಾಮವೂ ಉಂಟು. ಅದು ಸುವರ್ಣದೆದುರು ಇಟ್ಟ ಹೆಸರು. ಆದರೂ ದೀರ್ಘಕಾಲ ಬೆಳ್ಳಿಯನ್ನು ಸೇವಿಸಿದವರ ಚರ್ಮವು ಬೂದುನೀಲಿಯಾಗುವ ಆರ್ಜೀರಿಯಾ ವಿಕಾರವನ್ನು ಕುರಿತು ಓದುವಾಗ ಆ ಶಬ್ದವು ನೆನಪಾಗದಿರದು.

2008ರಲ್ಲಿ ಕೊರಿಯಾದ ವಿಜ್ಞಾನಿಗಳು ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ 60 ನ್ಯಾನೊಮೀಟರಿನ ಬೆಳ್ಳಿಕಣಗಳನ್ನು 28 ದಿನ ಇಲಿಗಳಿಗೆ ಬಾಯಿಯ ಮೂಲಕ ಕೊಡಲಾಯಿತು. ದೇಹತೂಕದ ಕಿಲೋಗ್ರಾಂ ಒಂದಕ್ಕೆ 300 ಮಿಲಿಗ್ರಾಂ ಮೀರಿದರೆ ಯಕೃತ್ತಿಗೆ ಅಲ್ಪ ಹಾನಿಯಾಗಬಹುದೆಂದು ಕಂಡುಬಂದಿತು. ಹೆಣ್ಣಿಲಿಗಳ ಮೂತ್ರಪಿಂಡದಲ್ಲಿ ಗಂಡಿಲಿಗಳಿಗಿಂತ ಸುಮಾರು ಇಮ್ಮಡಿ ಬೆಳ್ಳಿ ಸಂಚಯವಾಗಿತ್ತು. ಅವು ಎಲೆಯಿಂದಾದ ಕಣಗಳಲ್ಲ, ನಿಜ. ಆದರೆ ಎಲೆಯ ಲೇಪದೊಳಗಿರುವುದೂ ಬೆಳ್ಳಿಯೇ. ಅದೂ ಕರಗಿ ಅಯಾನುಗಳನ್ನು ಬಿಡಬಲ್ಲುದು. ಒಮ್ಮೆ ಕುಡಿಸಿ, 14 ದಿನ ಕಾದು, ‘ಯಾವ ಇಲಿಯೂ ಸಾಯಲಿಲ್ಲ’ ಎಂದು ಬರೆದರೆ ಅದಕ್ಕೆ ‘ಸಾಯಲಿಲ್ಲ’ ಎಂಬಷ್ಟೇ ಅರ್ಥ, ‘ಬಾಧೆಯಿಲ್ಲ’ವೆಂದಲ್ಲ.

1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯು ಇಂಥ ಪ್ರಯೋಗಗಳಿಗೂ ಕಟ್ಟುಪಾಡು ವಿಧಿಸಿದೆ. ಮೂಕಜೀವವನ್ನು ಬಲಿಗೊಡುವುದೇ ಅನಿವಾರ್ಯವಾದರೆ, ಬರಿಯ ಕಷಾಯ, ಬರಿಯ ಸಿಲ್ವರ್ ನೈಟ್ರೇಟ್, ಕಣ ಇವನ್ನು ಬೇರೆ ಬೇರೆ ಗುಂಪುಗಳಿಗೆ ಕೊಟ್ಟು, ಏನನ್ನೂ ಕೊಡದ ಗುಂಪಿನೊಡನೆ ಹೋಲಿಸಿ ನೋಡಬೇಕು. ಅಷ್ಟನ್ನೂ ಮಾಡದೆ ಹೋದರೆ ದೋಷವು ಎಲೆಯದೋ ಬೆಳ್ಳಿಯದೋ ತಿಳಿಯದು, ಇಲಿಯು ಸತ್ತದ್ದೂ ವ್ಯರ್ಥ.

ನಮ್ಮ ವಿಜ್ಞಾನ ಅಧ್ಯಾಪಕರು ಬಣ್ಣ ಬದಲಾಗುವ ಆ ಸುಂದರ ಪ್ರಯೋಗವನ್ನು ಮಕ್ಕಳಿಗೆ ಅವಶ್ಯವಾಗಿ ತೋರಿಸಲಿ. ತೋರಿಸಿದ ಮೇಲೆ ದ್ರಾವಣವನ್ನು ಚರಂಡಿಗೆ ಚೆಲ್ಲಿಸದೆ ಸೀಸೆಯಲ್ಲಿ ತುಂಬಿಸಿಡಲಿ. ಅದರ ಮೇಲೆ ಎಲೆಯ ಹೆಸರಿನ ಜೊತೆಗೆ ಬೆಳ್ಳಿಯ ಹೆಸರನ್ನೂ ಬರೆಯಿಸಲಿ.