ಕರ್ಫ್ಯೂ ಕಂಡು ನಕ್ಕ ಜನ

2020ರ ಡಿಸೆಂಬರ್ 23ರಂದು, ಬ್ರಿಟನ್ನಿನಲ್ಲಿ ರೂಪಾಂತರ ಹೊಂದಿದ ಕೊರೊನಾ ವೈರಾಣುವಿನ ಸುದ್ದಿ ಲೋಕವನ್ನೆಲ್ಲ ಹೊಸದಾಗಿ ಕಳವಳಕ್ಕೀಡುಮಾಡಿದ್ದ ಸಮಯದಲ್ಲಿ, ಕರ್ನಾಟಕ ಸರ್ಕಾರವು ರಾಜ್ಯಾದ್ಯಂತ ರಾತ್ರಿ ಕರ್ಫ್ಯೂ ವಿಧಿಸುವುದಾಗಿ ಪ್ರಕಟಿಸಿತು. ಅದು ರಾತ್ರಿ ಹತ್ತು ಗಂಟೆಗೆ ಆರಂಭವಾಗತಕ್ಕದ್ದೆಂದು ಮೊದಲು ಹೇಳಲಾಯಿತು. ಅದೇ ದಿನ ತಿದ್ದುಪಡಿಯಾಗಿ, 24ರಿಂದ ಮೊದಲ್ಗೊಂಡು ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಎಂದಾಯಿತು. ರೈಲು, ವಿಮಾನ ಮತ್ತು ದೂರದ ಬಸ್ಸುಗಳಿಗೂ, ಅವುಗಳನ್ನು ಹತ್ತಲು ಹೊರಟವರ ಆಟೋ ಟ್ಯಾಕ್ಸಿಗಳಿಗೂ, ರಾತ್ರಿ ಪಾಳಿಯ ಕಾರ್ಖಾನೆಗಳಿಗೂ ವಿನಾಯಿತಿ ದೊರೆಯಿತು. ಕೊನೆಗೆ 24ರಂದು, ಆಜ್ಞೆಯು ತನ್ನ ಮೊದಲ ರಾತ್ರಿಯನ್ನೂ ಕಾಣುವ ಮುನ್ನವೇ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆ ಎರಡು ದಿನ ನಾಡಿನ ಹೋಟೆಲು, ಬಸ್ಸು, ಕಟ್ಟೆಗಳಲ್ಲೆಲ್ಲ ಜನರು ಒಬ್ಬರನ್ನೊಬ್ಬರು ಕೇಳಿಕೊಂಡು ನಕ್ಕ ಪ್ರಶ್ನೆ ಒಂದೇ: ಈ ಕೊರೊನಾ ಹಗಲೆಲ್ಲ ಮಲಗಿದ್ದು ರಾತ್ರಿ ಹನ್ನೊಂದಕ್ಕೆ ಎದ್ದು ಸಂಚಾರಕ್ಕೆ ಹೊರಡುತ್ತದೆಯೇ?

ಈ ನಗೆಯನ್ನು ಕುರಿತು ಆಗಲೂ ಅನಂತರವೂ ಬಲ್ಲವರು ಅನೇಕರು ಬೇಸರಪಟ್ಟುಕೊಂಡರು. ನಮ್ಮ ಜನಕ್ಕೆ ಶಿಸ್ತಿಲ್ಲ, ಸಾವು ಬಾಗಿಲಿಗೆ ಬಂದು ನಿಂತಾಗಲೂ ಗೇಲಿಯನ್ನು ಬಿಡರು ಎಂಬುದು ಅವರ ಆಕ್ಷೇಪ. ಈ ಆಕ್ಷೇಪ ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಜನರು ನಕ್ಕದ್ದು ರೋಗವನ್ನು ಕಂಡಲ್ಲ, ಕಾರಣವನ್ನು ಹೇಳದ ಆಜ್ಞೆಯನ್ನು ಕಂಡು. ಆ ನಗೆ ಪ್ರಜೆಯು ತನ್ನ ಸರ್ಕಾರದ ಮುಂದಿಟ್ಟ ಒಂದು ಅರ್ಜಿಯಾಗಿತ್ತು. ಅದಕ್ಕೆ ಉತ್ತರ ಬರಲಿಲ್ಲವೆಂಬುದೇ ದುಃಖದ ಸಂಗತಿ.

ನಮ್ಮ ಜನ ಆಜ್ಞೆಯನ್ನು ಪಾಲಿಸಲಾರದವರಾಗಿದ್ದರೆ 2020ರ ಮಾರ್ಚ್ ತಿಂಗಳು ಬೇರೆ ಬಗೆಯಾಗಿ ಕಳೆಯಬೇಕಾಗಿತ್ತು. ದೇಶದಲ್ಲಿ ಈ ರೋಗದಿಂದಾದ ಮೊದಲ ಮರಣ ನಮ್ಮ ಕಲಬುರಗಿಯಲ್ಲಿಯೇ ಸಂಭವಿಸಿದುದು. ಆ ಭೀತಿಯ ನಡುವೆ ಮಾರ್ಚ್ 22ರ ಜನತಾ ಕರ್ಫ್ಯೂವನ್ನು ಊರೂರಿನ ಜನ ತಾವಾಗಿಯೇ ನಡೆಸಿಕೊಟ್ಟರು. 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಮಂತ್ರಿಗಳು ಮಾತನಾಡಿ, ಅಂದಿನ ಮಧ್ಯರಾತ್ರಿಯಿಂದಲೇ 21 ದಿನ ದೇಶವೆಲ್ಲ ಸ್ತಬ್ಧವಾಗಬೇಕೆಂದಾಗ, ನಾಲ್ಕು ಗಂಟೆಯ ಅವಧಿ ಸಾಲದೆಂದು ಗೊಣಗಿದವರುಂಟೇ ಹೊರತು, ಒಲ್ಲೆನೆಂದವರು ವಿರಳ. ಅಂಗಡಿಯವನು ಅಂಗಡಿ ಮುಚ್ಚಿದ; ಅರ್ಚಕರು ಗುಡಿಯ ಬಾಗಿಲಿಗೆ ಬೀಗ ಹಾಕಿದರು; ಯುಗಾದಿಯ ಹೋಳಿಗೆ ಮನೆಯವರ ನಡುವೆಯೇ ಮುಗಿಯಿತು. ಆ ದಿನಗಳಲ್ಲಿ ಯಾರೂ ನಗಲಿಲ್ಲ, ಏಕೆಂದರೆ ಕಾರಣ ಎಲ್ಲರ ಕಣ್ಣಿಗೂ ಕಾಣುತ್ತಿದ್ದಿತು. ಆ ವಿಧೇಯತೆಯ ಬೆಲೆಯನ್ನು ಹೆಚ್ಚಾಗಿ ತೆತ್ತವರು ಕೂಲಿಕಾರರು. ಮೇ ತಿಂಗಳ ಮೊದಲ ವಾರದಲ್ಲಿ ಹೊರರಾಜ್ಯದ ಕಾರ್ಮಿಕರು ತಮ್ಮೂರಿಗೆ ತೆರಳಲು ಗೊತ್ತುಮಾಡಿದ್ದ ರೈಲುಗಳನ್ನು, ಕಟ್ಟಡ ನಿರ್ಮಾಪಕರೊಡನೆ ಸಭೆ ನಡೆದ ಬೆನ್ನಿಗೇ ರಾಜ್ಯ ಸರ್ಕಾರ ರದ್ದುಮಾಡಿತು. ದೇಶವ್ಯಾಪಿಯಾಗಿ ಖಂಡನೆ ಕೇಳಿಬಂದ ಮೇಲೆ ಮತ್ತೆ ಓಡಿಸಿತು. ಇದು ನಗೆಯ ವಿಷಯವಲ್ಲ. ಆದರೆ ಆಜ್ಞೆಗಳು ರೋಗವನ್ನಲ್ಲದೆ ಬೇರೆ ಯಾರ ಮಾತನ್ನೋ ಕೇಳಿ ಹೊರಡುತ್ತಿರಬಹುದೆಂಬ ಸಂದೇಹ ಜನರ ಮನಸ್ಸಿನಲ್ಲಿ ಬೇರೂರಿದುದು ಆಗಲೇ.

ಈ ಸಂದೇಹಕ್ಕೆ ಪುಷ್ಟಿ ಕೊಡುವ ಸಂಗತಿಗಳಿಗೆ ಕೊರತೆಯಾಗಲಿಲ್ಲ. ದೇವಾಲಯಗಳ ಬಾಗಿಲು ಜೂನ್ 8ರವರೆಗೂ ತೆರೆಯದಿದ್ದಾಗ ಮದ್ಯದಂಗಡಿಗಳ ಬಾಗಿಲು ಮೇ 4ರಂದೇ ತೆರೆಯಿತು; ಮೊದಲ ದಿನವೇ ಸುಮಾರು 45 ಕೋಟಿ ರೂಪಾಯಿಯ ವ್ಯಾಪಾರವಾಯಿತೆಂದು ವರದಿಯಾಯಿತು. ಬೊಕ್ಕಸ ಬರಿದಾಗಿದೆ, ಆದಾಯ ಬೇಕು ಎಂದು ಸರ್ಕಾರ ನೇರವಾಗಿ ಹೇಳಿದ್ದರೆ ಜನ ಒಪ್ಪುತ್ತಿದ್ದರು. ಮನೆಯಲ್ಲಿಯೇ ಕ್ವಾರಂಟೈನ್‌ನಲ್ಲಿದ್ದವರು ಗಂಟೆಗೊಂದು ಸೆಲ್ಫಿ ತೆಗೆದು ಸರ್ಕಾರದ ಆ್ಯಪ್‌ಗೆ ಕಳುಹಿಸಬೇಕೆಂಬ ನಿಯಮವೂ ಬಂದಿತ್ತು. ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗೆ ಮಾತ್ರ ಅದಕ್ಕೆ ಬಿಡುವು. ಮಾಸ್ಕ್ ಧರಿಸದವರಿಗೆ ನಗರಗಳಲ್ಲಿ 1000 ರೂಪಾಯಿ, ಹಳ್ಳಿಗಳಲ್ಲಿ 500 ರೂಪಾಯಿ ದಂಡವೆಂದು ಅಕ್ಟೋಬರ್ ಆರಂಭದಲ್ಲಿ ಗೊತ್ತುಮಾಡಿ, ವಾರ ಕಳೆಯುವಷ್ಟರಲ್ಲಿ ಅದನ್ನು 250 ಮತ್ತು 100ಕ್ಕೆ ಇಳಿಸಿದರು. ಮಾಸ್ಕ್ ಅಗತ್ಯವೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಸಾವಿರ ರೂಪಾಯಿಯ ಅಪರಾಧವು ವಾರದೊಳಗೆ ಇನ್ನೂರೈವತ್ತರ ಅಪರಾಧವಾದಾಗ, ಸಂತೆಯಲ್ಲಿ ಚೌಕಾಸಿ ಮಾಡಿ ತರಕಾರಿ ಕೊಳ್ಳುವ ಗೃಹಿಣಿಗೆ ಆ ದಂಡದ ಗಾಂಭೀರ್ಯ ಉಳಿಯುವುದು ಹೇಗೆ?

2021ರ ಏಪ್ರಿಲ್ ತಿಂಗಳನ್ನು ನಾನು ವಿಶೇಷವಾಗಿ ನೆನೆಯಬೇಕು. ಪುನೀತ್ ರಾಜ್‌ಕುಮಾರ್ ಅಭಿನಯದ ‘ಯುವರತ್ನ’ ಚಿತ್ರ ಏಪ್ರಿಲ್ 1ರಂದು ತೆರೆಕಂಡಿತು. ಮರುದಿನವೇ ಚಿತ್ರಮಂದಿರಗಳಲ್ಲಿ ಅರ್ಧದಷ್ಟು ಆಸನಗಳನ್ನು ಮಾತ್ರ ತುಂಬತಕ್ಕದ್ದೆಂಬ ಆಜ್ಞೆ ಹೊರಟಿತು. ಚಿತ್ರತಂಡದವರು ಮುಖ್ಯಮಂತ್ರಿಗಳನ್ನು ಕಂಡು ಬೇಡಿಕೊಂಡ ಮೇಲೆ ಆ ಆಜ್ಞೆ ಏಪ್ರಿಲ್ 7ರವರೆಗೆ ಮುಂದಕ್ಕೆ ಹೋಯಿತು. ಬಂಡವಾಳ ಹಾಕಿ ಕುಳಿತವರ ಕಷ್ಟ ನಿಜವಾದುದು, ಅವರು ಹೋಗಿ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಸಾವಿರ ಜನ ಮೂರು ಗಂಟೆ ಒಟ್ಟಿಗೆ ಕುಳಿತರೆ ಅಪಾಯವೆಂಬುದು ಸತ್ಯವಾಗಿದ್ದರೆ 2ನೆಯ ತಾರೀಖಿಗೂ ಸತ್ಯ, 7ನೆಯ ತಾರೀಖಿಗೂ ಸತ್ಯ. ವೈರಾಣುವೂ ಅಭಿಮಾನಿಗಳ ಸಂಘ ಸೇರಿ ಒಂದು ವಾರ ರಜೆ ಹಾಕಿತೆಂದು ಜನ ಆಡಿಕೊಂಡರೆ ಅದಕ್ಕೆ ಹೊಣೆ ಜನರಲ್ಲ. ಅದೇ ತಿಂಗಳ 10ರಿಂದ ಬೆಂಗಳೂರು, ಮೈಸೂರು, ಮಂಗಳೂರು, ಕಲಬುರಗಿ, ಬೀದರ್, ತುಮಕೂರು, ಉಡುಪಿ, ಮಣಿಪಾಲಗಳಲ್ಲಿ ರಾತ್ರಿ ಕರ್ಫ್ಯೂ ಬಂದಿತು. 17ರಂದು ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೂ ಬಸವಕಲ್ಯಾಣ, ಮಸ್ಕಿ ವಿಧಾನಸಭಾ ಕ್ಷೇತ್ರಗಳಿಗೂ ಉಪಚುನಾವಣೆ ನಡೆಯುವುದಿತ್ತು. ಅಲ್ಲಿ ಪ್ರಚಾರ ಹಗಲೆಲ್ಲ ಜನಜಂಗುಳಿಯ ನಡುವೆ ಸಾಗಿತು, ಎಲ್ಲ ಪಕ್ಷಗಳದ್ದೂ. ಸರ್ಕಾರದ ಪಕ್ಷವನ್ನು ಮಾತ್ರ ದೂರುವುದು ನ್ಯಾಯವಲ್ಲ. ಮರುವರ್ಷ ಜನವರಿಯಲ್ಲಿ ವಾರಾಂತ್ಯ ಕರ್ಫ್ಯೂ ಇದ್ದಾಗಲೇ ವಿರೋಧ ಪಕ್ಷದವರು ಮೇಕೆದಾಟು ಪಾದಯಾತ್ರೆ ಹೊರಟು, ಹೈಕೋರ್ಟು ಕಟುವಾಗಿ ಪ್ರಶ್ನಿಸಿದ ಮೇಲೆ ರಾಮನಗರದಲ್ಲಿ ಅದನ್ನು ನಿಲ್ಲಿಸಿದರು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ನೋಯಿಸಿದ ಸಂಗತಿ ಶಾಲೆಗಳದು. 2020ರ ಮಾರ್ಚಿನಲ್ಲಿ ಮುಚ್ಚಿದ ಒಂದರಿಂದ ಐದನೆಯ ತರಗತಿಗಳು ನಮ್ಮ ರಾಜ್ಯದಲ್ಲಿ ತೆರೆದುದು 2021ರ ಅಕ್ಟೋಬರ್ 25ರಂದು. ಚಿತ್ರಮಂದಿರಗಳ ಎಲ್ಲ ಆಸನಗಳನ್ನೂ ತುಂಬಲು ಅನುಮತಿ ದೊರೆತದ್ದು ಅದೇ ಅಕ್ಟೋಬರ್ 1ರಂದು. ಪಬ್ಬುಗಳು ತೆರೆದುದೂ ಆ ವಾರದಲ್ಲಿಯೇ. ಎಂದರೆ, ಅ ಆ ಇ ಈ ಕಲಿಯಬೇಕಾಗಿದ್ದ ಮಗು, ತನ್ನ ತಂದೆ ತುಂಬಿದ ಚಿತ್ರಮಂದಿರಕ್ಕೆ ಹೋಗಿ ಬಂದ ಮೇಲೆಯೂ ಮೂರು ವಾರಕ್ಕೂ ಮಿಕ್ಕಿ ಮನೆಯಲ್ಲಿಯೇ ಕಾಯಬೇಕಾಯಿತು. ನಡುವೆ 2020ರ ಆಗಸ್ಟಿನಲ್ಲಿ ‘ವಿದ್ಯಾಗಮ’ ಎಂಬ ಯೋಜನೆ ಬಂದು, ಸರ್ಕಾರಿ ಶಾಲೆಯ ಮೇಷ್ಟರುಗಳು ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ ಹತ್ತಾರು ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳತೊಡಗಿದರು. ಬಯಲಿನ ಗಾಳಿಯಲ್ಲಿ ರೋಗ ಹರಡುವ ಸಂಭವ ಕಡಮೆಯೆಂಬ ವಿಜ್ಞಾನಕ್ಕೂ ನಮ್ಮ ಹಳ್ಳಿಗಳ ಸ್ಥಿತಿಗೂ ಇಷ್ಟು ಚೆನ್ನಾಗಿ ಹೊಂದಿಕೊಂಡ ಉಪಾಯ ಆ ಕಾಲದಲ್ಲಿ ಮತ್ತೊಂದಿರಲಿಲ್ಲ. ಶಿಕ್ಷಕರಿಗೆ ಸೋಂಕು ತಗಲಿದ ಸುದ್ದಿ ಬಂದೊಡನೆ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ಸುಧಾರಿಸಿಕೊಂಡು, ಶಿಕ್ಷಕರಿಗೆ ರಕ್ಷಣೆ ಒದಗಿಸಿ ಕೂಡಲೇ ಮುಂದುವರಿಸಬಹುದಾಗಿತ್ತು. ಹಾಗಾಗದೆ ಹೊಸ ವರ್ಷದವರೆಗೂ ಅದು ನಿಂತೇ ಇತ್ತು. ಮೊಬೈಲ್ ಇಲ್ಲದ ಮನೆಯ ಮಕ್ಕಳು ಆ ಅವಧಿಯಲ್ಲಿ ಅಕ್ಷರವನ್ನು ಮರೆತು ದನ ಕಾಯಲು, ಕೂಲಿಗೆ ಹೋಗಲು ತೊಡಗಿದುದನ್ನು ಗ್ರಾಮಾಂತರದ ಯಾವ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ. ನಿಯೋಗ ಕಟ್ಟಿಕೊಂಡು ಮುಖ್ಯಮಂತ್ರಿಗಳ ಮನೆಗೆ ಹೋಗುವ ಶಕ್ತಿ ಆ ಮಕ್ಕಳಿಗಿರಲಿಲ್ಲ.

ಸರ್ಕಾರದ ಪರವಾಗಿ ಹೇಳಬೇಕಾದ ಮಾತೂ ಒಂದುಂಟು. ರೋಗ ಹೊಸದು, ವಿಜ್ಞಾನಿಗಳೇ ತಮ್ಮ ಅಭಿಪ್ರಾಯಗಳನ್ನು ತಿಂಗಳು ತಿಂಗಳಿಗೆ ತಿದ್ದಿಕೊಳ್ಳುತ್ತಿದ್ದರು, ಮುಟ್ಟಿದ ವಸ್ತುವಿನಿಂದ ಹರಡುವುದೆಂಬ ಭಯ ಮೊದಲು ದೊಡ್ಡದಾಗಿದ್ದು, ಗಾಳಿಯಾಡದ ಕೋಣೆಗಳೇ ಹೆಚ್ಚಿನ ಅಪಾಯವೆಂಬ ತಿಳಿವಳಿಕೆ ಅನಂತರ ಬಂದಿತು. ಆದುದರಿಂದ ಆಜ್ಞೆಗಳು ಬದಲಾದುದೇ ತಪ್ಪೆಂದು ನಾನು ಹೇಳಲಾರೆ. ತಿಳಿವು ಬದಲಾದಂತೆ ನಿಯಮ ಬದಲಾಗುವುದು ವಿವೇಕದ ಲಕ್ಷಣ. ನನ್ನ ದೂರು ಇಷ್ಟೆ: ಬದಲಾದಾಗ ಏತಕ್ಕೆ ಬದಲಾಯಿತೆಂದು ಹೇಳಲಿಲ್ಲ. ರಾತ್ರಿ ಕರ್ಫ್ಯೂವಿಗೆ ಒಂದು ಸಮರ್ಥನೆ ಇತ್ತು, ಹೊಸ ವರ್ಷದ ಕೂಟಗಳನ್ನೂ ತಡರಾತ್ರಿಯ ಪಾರ್ಟಿಗಳನ್ನೂ ತಡೆಯುವುದು. ಹಾಗಾದರೆ ಕೂಟಗಳನ್ನೇ ನಿಷೇಧಿಸಬಹುದಾಗಿತ್ತು. ಒಬ್ಬನೇ ಸೈಕಲ್ ತುಳಿದು ಮನೆಗೆ ಮರಳುವ ಅಡಿಗೆಯವನನ್ನು ಪೊಲೀಸರು ತಡೆದು ನಿಲ್ಲಿಸುವುದರಿಂದ ಯಾವ ಸೋಂಕು ನಿಲ್ಲುತ್ತದೆ? 2022ರ ಜನವರಿಯ ಆರಂಭದಲ್ಲಿ, ನಮ್ಮಲ್ಲಿ ಮತ್ತೆ ರಾತ್ರಿ ಕರ್ಫ್ಯೂ ಜಾರಿಯಲ್ಲಿದ್ದಾಗ, ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯ ವಿಜ್ಞಾನಿಯಾಗಿದ್ದ ಸೌಮ್ಯಾ ಸ್ವಾಮಿನಾಥನ್ ಅವರು ಅದರ ಹಿಂದೆ ವಿಜ್ಞಾನವಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಹೋಟೆಲಿನ ಮೇಜಿನ ಸುತ್ತ ಕುಳಿತವರು ವರ್ಷಕ್ಕೆ ಹಿಂದೆಯೇ ನಗುತ್ತ ಹೇಳಿದ್ದ ಮಾತು ಅದೇ.

ಸಾಂಕ್ರಾಮಿಕ ರೋಗಕ್ಕೆ ಸಂಬಂಧಿಸಿದ ನಮ್ಮ ಶಾಸನದ ಮೂಲವನ್ನು ನೋಡಿದರೆ ಕಾರಣ ಹೇಳದ ಈ ಮೌನದ ಮೂಲವೂ ಅಲ್ಲಿಯೇ ಇದೆಯೆಂದು ತೋರುತ್ತದೆ. ಮುಂಬಯಿಯ ಪ್ಲೇಗಿಗೆ ಹೆದರಿ ಬ್ರಿಟಿಷ್ ಸರ್ಕಾರ 1897ರಲ್ಲಿ ಅವಸರದಿಂದ ರಚಿಸಿದ, ಒಂದೆರಡು ಪುಟಗಳಲ್ಲಿ ಮುಗಿಯುವ ಕಾನೂನು ಅದು. ಅಧಿಕಾರಿಗೆ ಅಧಿಕಾರ, ಮೀರಿದವನಿಗೆ ದಂಡನೆ, ಸದುದ್ದೇಶದಿಂದ ನಡೆದ ಅಧಿಕಾರಿಗೆ ರಕ್ಷಣೆ ಎಲ್ಲವೂ ಅದರಲ್ಲುಂಟು. ಪ್ರಜೆಗೆ ಕಾರಣ ಹೇಳಬೇಕೆಂಬ ಮಾತಿಲ್ಲ. ಅದೇ ವರ್ಷ ಪುಣೆಯಲ್ಲಿ ಸಿಪಾಯಿಗಳು ಮನೆಮನೆಗೆ ನುಗ್ಗಿ ನಡೆಸಿದ ಶೋಧನೆಯ ಕೊನೆ ಪ್ಲೇಗ್ ಅಧಿಕಾರಿ ರ್‍ಯಾಂಡನ ಕೊಲೆಯಲ್ಲಾಯಿತು. 1898ರಲ್ಲಿ ಬೆಂಗಳೂರಿಗೂ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಬಯಲಿಗೆ ಬರಬೇಕೆಂಬುದರ ಅರ್ಥ ಜನರಿಗೆ ತಿಳಿದುದರಿಂದ ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳು ತುಂಬಿದುವು. 2020ರಲ್ಲಿ ನಮ್ಮ ರಾಜ್ಯವು ತನ್ನದೇ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿಕೊಂಡಿತು. ಸ್ವತಂತ್ರ ಪ್ರಜೆಗಳ ಶಾಸನವು 1897ರ ಭಾವನೆಯನ್ನು ಬಿಟ್ಟು ಮುಂದೆ ಹೋಗಬೇಕಾಗಿತ್ತು. ಅಧಿಕಾರ ಮತ್ತು ದಂಡನೆಗಳೇ ಅದರಲ್ಲೂ ಪ್ರಧಾನವಾದುವು.

ನಗೆ ಮತ್ತು ವೈದ್ಯ ಪರಸ್ಪರ ವಿರೋಧಿಗಳೆಂದು ಭಾವಿಸುವವರು ‘ಕೊರವಂಜಿ’ಯನ್ನು ಸ್ಮರಿಸಬೇಕು. 1942ರಲ್ಲಿ ಆ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದ ರಾಶಿಯವರು, ಎಂದರೆ ಡಾಕ್ಟರ್ ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಆರ್. ಕೆ. ಲಕ್ಷ್ಮಣರ ಆರಂಭಕಾಲದ ಚಿತ್ರಗಳು ಅಲ್ಲಿ ಅಚ್ಚಾದುವು. ರೋಗಿಯ ನಾಡಿ ಹಿಡಿದವರೇ ಸಮಾಜದ ಡಂಭವನ್ನೂ ಅಧಿಕಾರದ ಅವಿವೇಕವನ್ನೂ ನಗೆಯಿಂದ ಎತ್ತಿ ತೋರಿಸಿದ ನಾಡು ಇದು. ಕರ್ಫ್ಯೂವನ್ನು ಕಂಡು ನಕ್ಕ ಜನರೇ 2021ರ ಮೇ ತಿಂಗಳಲ್ಲಿ ಲಸಿಕೆ ಸಾಲದೆ ಬಂದಾಗ ಬೆಳಗಿನ ಜಾವದಿಂದ ಸಾಲಿನಲ್ಲಿ ನಿಂತು ಕಾದರು. ಲಸಿಕೆಯಿಂದ ಕೇಡಾಗುವುದೆಂಬ ಸುಳ್ಳನ್ನು ಹಬ್ಬಿಸಿದವರು ಬೇರೆ, ರಾತ್ರಿ ಹನ್ನೊಂದರ ಮುಹೂರ್ತವನ್ನು ಪ್ರಶ್ನಿಸಿ ನಕ್ಕವರು ಬೇರೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದುದು ಆಳುವವರು ಮಾಡಿದ ದೊಡ್ಡ ಅಪಚಾರ.

ನಗೆ ನಿಂತುಹೋದ ದಿನವೂ ಬಂದಿತು. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ, ಆಮ್ಲಜನಕದ ಕೊರತೆಯ ನಡುವೆ, 24 ರೋಗಿಗಳು ಅಸುನೀಗಿದರೆಂಬ ವಾರ್ತೆ ನಾಡನ್ನು ನಡುಗಿಸಿತು. ಆಮೇಲೆ ಒಂದು ವಾರಕ್ಕೆ, ದಿನಸಿ ಕೊಳ್ಳಲು ಹೋಗುವವರು ವಾಹನವನ್ನು ಬಳಸದೆ ನಡೆದೇ ಹೋಗತಕ್ಕದ್ದೆಂಬ ನಿಯಮ ಹೊರಟು, ಆಕ್ಷೇಪಗಳು ಎದ್ದ ಮೇಲೆ ಸಡಿಲವಾಯಿತು. ಮುದುಕರು ಅಕ್ಕಿಯ ಚೀಲ ಹೊತ್ತು ನಡೆಯಬೇಕೆ, ಸ್ಕೂಟರಿನಲ್ಲಿ ಹೋಗಬಹುದೆ ಎಂಬ ಚರ್ಚೆಗೆ ವ್ಯಯವಾದ ಆಡಳಿತದ ಗಮನ ಸಿಲಿಂಡರುಗಳ ಕಡೆಗೆ ಒಂದು ತಿಂಗಳ ಮೊದಲೇ ಹರಿದಿದ್ದರೆ ಎಷ್ಟು ಮನೆಗಳ ದೀಪ ಉಳಿಯುತ್ತಿತ್ತು!

ಮತ್ತೊಂದು ಮಾರಿ ಬಾರದಿರಲಿ; ಬಂದರೆ ಸಿದ್ಧತೆ ಈಗಲೇ ಆಗಬೇಕು. ವಿಧಾನಮಂಡಲದ ಸದಸ್ಯರಲ್ಲಿ, ಅವರು ಯಾವ ಪಕ್ಷದವರೇ ಆಗಿರಲಿ, ನನ್ನ ವಿನಂತಿ ಇದು: ನಮ್ಮ ಸಾಂಕ್ರಾಮಿಕ ರೋಗಗಳ ಕಾಯಿದೆಗೆ ತಿದ್ದುಪಡಿ ತಂದು, ಪ್ರತಿಯೊಂದು ನಿರ್ಬಂಧದ ಆಜ್ಞೆಯ ಜೊತೆಗೂ ಅದರ ಕಾರಣವನ್ನು ಸರಳವಾದ ಕನ್ನಡದಲ್ಲಿ ಪ್ರಕಟಿಸುವುದನ್ನು ಕಡ್ಡಾಯಮಾಡಿರಿ, ತಜ್ಞರ ಸಮಿತಿ ಕೊಟ್ಟ ಸಲಹೆಯನ್ನು ಗುಟ್ಟಾಗಿಡದೆ ಅಂದೇ ಜನರ ಮುಂದಿಡಿರಿ, ಆಜ್ಞೆ ತಾನಾಗಿಯೇ ಕೊನೆಗೊಳ್ಳುವ ದಿನವನ್ನು ಅದರಲ್ಲಿಯೇ ಬರೆಯಿರಿ, ಮತ್ತು ಚಿತ್ರಮಂದಿರ, ಮದ್ಯದಂಗಡಿಗಳು ತೆರೆಯುವ ಮುನ್ನ ಪ್ರಾಥಮಿಕ ಶಾಲೆ ತೆರೆಯತಕ್ಕದ್ದೆಂಬ ಒಂದು ವಾಕ್ಯವನ್ನು ಆ ಕಾಯಿದೆಯಲ್ಲಿ ಸೇರಿಸಿರಿ.