ಕಾಣದ ಬೇನೆ, ಕಾಣಬೇಕಾದ ಕಣ್ಣು

ಮೊಣಕಾಲು ತರಚಿಕೊಂಡ ಮಗುವನ್ನು ಕಂಡೊಡನೆ ಶಾಲೆಯಲ್ಲಿ ಎಲ್ಲರೂ ಓಡಿಬರುತ್ತಾರೆ. ಒಬ್ಬರು ನೀರು ತರುತ್ತಾರೆ, ಮತ್ತೊಬ್ಬರು ಮದ್ದು ಹಚ್ಚುತ್ತಾರೆ. ಮನಸ್ಸು ನೊಂದ ಮಗುವಿಗಾದರೋ ಈ ಭಾಗ್ಯವಿಲ್ಲ. ಅದಕ್ಕೆ ದೊರೆಯುವುದು ಹಟಮಾರಿ, ಮೊಂಡ, ಸೋಮಾರಿ ಎಂಬ ಹೆಸರುಗಳು.

ಅತಿಯಾದ ಭಯ, ಬಿಡದ ದುಃಖ, ತಡೆಯಲಾಗದ ಕೋಪ ಇವು ದೀರ್ಘಕಾಲ ಉಳಿದು ಕಲಿಕೆಯನ್ನೂ ಗೆಳೆತನವನ್ನೂ ಕೆಡಿಸಿದರೆ ಅದು ನಡತೆಯ ದೋಷವಲ್ಲ, ಆರೈಕೆ ಬೇಡುವ ಬೇನೆ. ಒಂದು ಮಗುವಿನಲ್ಲಿ ಅದು ಹೊರಗೆ ಸಿಡಿಯುತ್ತದೆ. ಪುಸ್ತಕ ಎಸೆಯುತ್ತದೆ, ಜಗಳಕ್ಕೆ ನಿಲ್ಲುತ್ತದೆ. ಇನ್ನೊಂದು ಮಗುವಿನಲ್ಲಿ ಒಳಗೇ ಇಂಗುತ್ತದೆ. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ತರಗತಿಯಲ್ಲಿ ಮೌನ. ಮೊದಲನೆಯ ಮಗುವಿಗೆ ಶಿಕ್ಷೆ, ಎರಡನೆಯದಕ್ಕೆ ಸಾಧು ಎಂಬ ಹೊಗಳಿಕೆ. ಇಬ್ಬರ ನೋವನ್ನೂ ಯಾರೂ ಕೇಳುವುದಿಲ್ಲ.

ಹಾಗಾದರೆ ಶಿಸ್ತು ಬೇಡವೇ? ಬೇಕು. ಆದರೆ ಬೆದರಿದ ಮನಸ್ಸು ಬೆದರಿಕೆಯಿಂದ ಗುಣವಾಗದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಒಂದು. ಕಾನೂನು ಕೈಯಲ್ಲಿನ ಕೋಲನ್ನು ಕಸಿಯಬಲ್ಲುದು, ಕಣ್ಣಿಗೆ ಕರುಣೆಯನ್ನು ತುಂಬಲಾರದು. ಅದು ಗುರುವಿನಿಂದಲೇ ಬರಬೇಕು.

ರೋಗವನ್ನು ನಿರ್ಣಯಿಸುವುದು ವೈದ್ಯರ ಕೆಲಸ, ಮಗುವನ್ನು ಗಮನಿಸುವುದು ಶಿಕ್ಷಕರ ಕಾಯಕ. ಯಾವ ಹೊತ್ತಿನಲ್ಲಿ, ಯಾವ ಪಾಠದಲ್ಲಿ, ಯಾರೆದುರು ಮಗು ಕುಗ್ಗುತ್ತದೆ ಎಂಬುದನ್ನು ಬರೆದಿಡಬೇಕು. ಮಗು ನಂಬುವ ಒಬ್ಬ ಶಿಕ್ಷಕರು, ಮನಸ್ಸು ತಿಳಿಯಾಗುವವರೆಗೆ ಕೂರಲು ಶಾಂತವಾದ ಒಂದು ಜಾಗ, ಸಣ್ಣಸಣ್ಣದಾಗಿ ಹಂಚಿಕೊಟ್ಟ ಪಾಠ, ತಪ್ಪನ್ನು ಎಲ್ಲರೆದುರು ಆಡದೆ ಏಕಾಂತದಲ್ಲಿ ತಿದ್ದುವ ತಾಳ್ಮೆ ಇಷ್ಟರಿಂದಲೇ ಮಗುವಿನ ಭಾರ ಎಷ್ಟೋ ಇಳಿಯುತ್ತದೆ. ಇದಕ್ಕೆ ಹಣ ಬೇಕಿಲ್ಲ.

ತಂದೆತಾಯಿಗಳಿಗೆ ಜನರು ಹುಚ್ಚು ಎಂದಾರು ಎಂಬ ಅಂಜಿಕೆ. ಆ ಅಂಜಿಕೆಯಿಂದ ಚಿಕಿತ್ಸೆ ತಡವಾಗುತ್ತದೆ, ನರಳುವುದು ಮಗು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಹಾಗೂ ಹದಿಹರೆಯದವರ ಮನೋವೈದ್ಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಬದುಕೇ ಬೇಡವೆಂಬ ಮಾತು ಮಗುವಿನ ಬಾಯಲ್ಲಿ ಬಂದರೆ ಒಂದು ದಿನವೂ ಕಾಯಬಾರದು.

ಅಕ್ಷರ ಕಲಿಸುವುದು ವಿದ್ಯಾದಾನ. ಅಳಲಾರದ ಮಗುವಿನ ಅಳಲನ್ನು ಆಲಿಸುವುದು ಅದಕ್ಕೂ ಹಿರಿದಾದ ದಾನ. ಮಗು ಮೊಂಡುತನ ತೋರಿದಾಗ "ಯಾಕೆ ಹೀಗೆ ಮಾಡಿದೆ?" ಎಂದು ಗದರುವ ನಾಲಗೆ ಮೊದಲು "ಏನಾಯಿತು, ಕಂದಾ?" ಎಂದು ಕೇಳಲಿ.